ತಾಯಿ ಚಿಟ್ಟೆಯೂ ನನ್ನ ಬಾಯಿಯೂ

ನನ್ನ ತಂಗಿಯ ಮೊಮ್ಮಗಳು ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದ್ದಾಳೆ. ಸೇರಿದ ವಾರಕ್ಕೇ ನಮ್ಮ ಮನೆಗೆ ಬಂದು, "ತಾತ, ನೀವೂ ಇದೇ ಕೆಲಸ ಮಾಡಿ ರಿಟೈರ್ ಆದೋರಂತೆ. ನಿಮ್ಮ ಕಾಲದಲ್ಲಿ ಟ್ರೈನಿಂಗ್ ಹೆಂಗಿತ್ತು, ಸ್ವಲ್ಪ ಬರ್ಕೊಡಿ" ಎಂದಳು. ನಾನೇನೋ ದೊಡ್ಡ ಸಾಧನೆ ಮಾಡಿದವನೆಂಬ ಭಕ್ತಿ ಅವಳ ಮುಖದಲ್ಲಿತ್ತು. ಆ ಭಕ್ತಿ ಹಾಗೇ ಇರಲಿ ಎಂದು ಎರಡು ದಿನ ಸುಮ್ಮನಿದ್ದೆ. ಆಮೇಲೆ, ನಾನು ಬಾಯಿ ಮುಚ್ಚಿಕೊಂಡರೆ ಈ ಹುಡುಗಿ ನನ್ನ ತಪ್ಪುಗಳನ್ನೆಲ್ಲ ತಾನೇ ಮೊದಲಿನಿಂದ ಮಾಡಿ ನೋಡಬೇಕಾಗುತ್ತದಲ್ಲ ಎನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯಲ್ಲಿ ಹೊದಿಸಿದ ಶಾಲು, ಇವುಗಳ ಸುದ್ದಿ ಇದರಲ್ಲಿ ಇಲ್ಲ. ಶಾಲನ್ನಂತೂ ಆಗಲೇ ಜಿರಲೆ ತಿಂದಿದೆ.

ಐವತ್ತರ ದಶಕದ ಕೊನೆಯ ಮಾತು. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿ ಚಿಕ್ಕಬಳ್ಳಾಪುರದಲ್ಲಿ ಕೆಲಸ ಹುಡುಕಿಕೊಂಡು ಅಲೆಯುತ್ತಿದ್ದೆ. ನಮ್ಮ ಕೇರಿಯಲ್ಲಿ ಅಷ್ಟು ಓದಿದವನು ನಾನೊಬ್ಬನೇ ಆದ್ದರಿಂದ ಒಂದು ಸಲ ಡುಮ್ಕಿ ಹೊಡೆದದ್ದನ್ನು ಯಾರೂ ಎತ್ತಿ ಆಡುತ್ತಿರಲಿಲ್ಲ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಕಲಿಯುವವರಿಗೆ ಜಾಗವಿದೆ ಎಂದು ಯಾರೋ ಹೇಳಿದರು. ಅರ್ಜಿ ಹಾಕಿದೆ, ಸಿಕ್ಕಿಬಿಟ್ಟಿತು. ಸಿಕ್ಕಿದ ದಿನವೇ ಟೈಲರ್ ಹತ್ತಿರ ಹೋಗಿ ಮೊಣಕಾಲವರೆಗೆ ಬರುವ ಬಿಳಿ ಕೋಟು ಹೊಲಿಯಲು ಹಾಕಿದೆ. ಕೆಲಸಕ್ಕೆ ಸೇರುವ ಮೊದಲೇ ಅದನ್ನು ತೊಟ್ಟು ಊರಿಗೆ ಹೋದೆ. ಅಮ್ಮ ಬಾಗಿಲಲ್ಲೇ ನಿಲ್ಲಿಸಿ ದೃಷ್ಟಿ ತೆಗೆದಳು. ಸಂಜೆಯೊಳಗೆ ಆರು ಜನ ಬಂದು ನಾಲಗೆ ಚಾಚಿ ತೋರಿಸಿದರು. ನಾನೂ ಗಂಭೀರವಾಗಿ ನೋಡಿ, "ಹ್ಞೂಂ" ಎಂದೆ. ಒಬ್ಬ ಮುದುಕನಿಗೆ ಬಿಸಿನೀರು ಕುಡಿಯಲು ಹೇಳಿದೆ. ಅವನಿಗೆ ವಾಸಿಯಾಯಿತಂತೆ, ಅದು ನನ್ನ ಕರ್ಮ.

ನನಗೆ ಕೆಲಸ ಕಲಿಸಿದವರು ರಂಗಪ್ಪನವರು. ಅವರು ಯಾವ ಪರೀಕ್ಷೆಯನ್ನೂ ಪಾಸು ಮಾಡಿದವರಲ್ಲ. ಬಾಟಲಿ ತೊಳೆಯಲು ಸೇರಿ, ನೋಡಿ ನೋಡಿ ಕಲಿತು, ಡಾಕ್ಟರುಗಳೇ ಬಂದು ಅನುಮಾನ ಕೇಳುವಷ್ಟು ಪಳಗಿದ್ದರು. ಆಂಧ್ರದ ಗಡಿಯ ಕಡೆಯವರಾದ್ದರಿಂದ ಅವರ ಕನ್ನಡದಲ್ಲಿ ಅರ್ಧ ತೆಲುಗು. ನನ್ನ ಕೋಟನ್ನು ಮೇಲಿಂದ ಕೆಳಕ್ಕೆ ನೋಡಿ, "ಏಮಯ್ಯ ದೊರೆ, ಡಾಕ್ಟರಾಗೋಕೆ ಬಂದ್ಯಾ? ಅದನ್ನ ಆ ಮೊಳೆಗೆ ತಗಲಾಕು. ನೀರಿನ ತೊಟ್ಟಿ ಹಿಂದುಗಡೆ ಐತೆ" ಎಂದರು.

ಆರು ವಾರ ತೊಳೆದೆ. ಸೋಡಾ ನೀರಿನಲ್ಲಿ ಕುದಿಸಿದ ಗಾಜಿನ ಪಟ್ಟಿಗಳು, ಸೀಸೆಗಳು, ಹೇಳಬಾರದ್ದನ್ನೆಲ್ಲ ತುಂಬಿಕೊಂಡು ಬಂದ ಡಬ್ಬಿಗಳು. ಒಂದು ದಿನ ಅವರಿಗೆ ಕೇಳಿಸುವ ಹಾಗೆ, "ರೋಗ ಕಂಡುಹಿಡಿಯೋಕೆ ಬಂದೋನಿಗೆ ಮುಸುರೆ ತಿಕ್ಕೋ ಕೆಲಸ" ಎಂದು ಗೊಣಗಿದೆ. ರಂಗಪ್ಪನವರು ಸಿಟ್ಟಾಗಲಿಲ್ಲ. "ತೊಳೀದೇ ಹೋದ್ರೆ ನಿನ್ನೆ ಬಂದೋನ ರೋಗಾನ ಇವತ್ತು ಬಂದೋನಿಗೆ ಬರ್ದುಕೊಡ್ತೀಯ ರವಣ. ನಿನ್ನ ರುಜು ನಂಬ್ಕೊಂಡು ಡಾಕ್ಟರು ಔಷಧಿ ಕೊಡ್ತಾರೆ. ತಿಕ್ಕು" ಎಂದರು. ನನ್ನ ಪೂರ್ತಿ ಹೆಸರು ವೆಂಕಟರವಣಪ್ಪ. ಅಷ್ಟುದ್ದ ಕರೆಸಿಕೊಳ್ಳುವ ಯೋಗ್ಯತೆ ನಿನಗಿನ್ನೂ ಬಂದಿಲ್ಲ ಎಂದು ಅವರು ಕೊನೆಯವರೆಗೂ ರವಣ ಎಂದೇ ಕರೆದರು.

ಏಳನೇ ವಾರ ಮೈಕ್ರೊಸ್ಕೋಪಿನ ಮುಂದೆ ಕೂರಿಸಿದರು. ಈಗಿನ ಹಾಗೆ ಒಳಗೇ ದೀಪ ಇರುವ ಯಂತ್ರವಲ್ಲ. ಒಂದೇ ಕಣ್ಣಿನಿಂದ ನೋಡಬೇಕು. ಕೆಳಗಡೆ ಪುಟ್ಟ ಕನ್ನಡಿ, ಅದನ್ನು ತಿರುಗಿಸಿ ತಿರುಗಿಸಿ ಕಿಟಕಿಯ ಬೆಳಕು ಹಿಡಿಯಬೇಕು. ಮೋಡ ಮುಚ್ಚಿದರೆ ನಮಗೆ ರಜ. ಏನು ಕಾಣುತ್ತದೋ ಬರೆದು ತೋರಿಸು ಎಂದು ರಂಗಪ್ಪನವರು ಹೊರಗೆ ಹೋದರು. ನಾನು ಅರ್ಧ ಗಂಟೆ ನೋಡಿ ನೋಟ್‌ಬುಕ್ಕಿನ ತುಂಬ ಕಪ್ಪು ಗೆರೆ ಬರೆದೆ. ಉದ್ದನೆಯವು, ತುದಿ ಬಾಗಿದವು, ಒಂದರ ಪಕ್ಕ ಒಂದು ಸಾಲಾಗಿ ನಿಂತವು. ಯಾವ ಪುಸ್ತಕದಲ್ಲೂ ಇಲ್ಲದ ರೋಗಾಣು. ಮೈ ಜುಮ್ಮೆಂದಿತು. ಅವರು ಬಂದು ಚಿತ್ರ ನೋಡಿದರು.

"ಇವು ಆಡ್ತಾವಾ?"

"ಆಡ್ತಾವೆ ಸಾರ್, ಜೀವ ಐತೆ!"

"ನೀನು ಕಣ್ಣು ಮಿಟುಕಿಸಿದಾಗ ಆಡ್ತಾವಾ?"

ನಾನು ಮತ್ತೆ ನೋಡಿದೆ. ಹೌದು, ಆಗ ಮಾತ್ರ ಆಡುತ್ತಿದ್ದವು.

"ಅವು ನಿನ್ನ ರೆಪ್ಪೆಕೂದಲು ಕಣೋ, ದಡ್ಡ" ಎಂದರು. ಆ ಪುಟವನ್ನು ಹರಿದು ಹಾಕಲು ಬಿಡದೆ ಒಂದು ತಿಂಗಳು ಗೋಡೆಗೆ ಅಂಟಿಸಿದ್ದರು. ಕಾಂಪೌಂಡರು, ನರ್ಸಮ್ಮಂದಿರು, ಕಸ ಗುಡಿಸುವವರು ಎಲ್ಲರೂ ಬಂದು ನೋಡಿ ಹೋದರು.

ತರಬೇತಿ ಮುಗಿದ ಮೇಲೆ ಕೆಲವು ತಿಂಗಳು ಗೌರಿಬಿದನೂರಿನ ಕಡೆ ಹಾಕಿದರು. ಅಲ್ಲಿ ದೊಡ್ಡ ಹಿಡುವಳಿಯ ಯಜಮಾನರೊಬ್ಬರು ಸುಸ್ತು ಎಂದು ಬಂದರು. ಅವರ ಮನೆಯಿಂದ ಬಂದ ಮೂತ್ರಕ್ಕೆ ನೀಲಿ ದ್ರಾವಣ ಸೇರಿಸಿ ಕಾಯಿಸಿದೆ. ಸಕ್ಕರೆ ಇದ್ದರೆ ಬಣ್ಣ ತಿರುಗುತ್ತದೆ. ಇದು ಕಾಯಿಸಿದ ತಕ್ಷಣ ಇಟ್ಟಿಗೆಯ ಕೆಂಪಾಯಿತು. ಅಂಥ ಕೆಂಪನ್ನು ನಾನು ತರಬೇತಿಯಲ್ಲೂ ಕಂಡಿರಲಿಲ್ಲ. ಓಡಿಹೋಗಿ ಡಾಕ್ಟರಿಗೆ ತೋರಿಸಿದೆ. ಯಜಮಾನರಿಗೆ ಕಟ್ಟುನಿಟ್ಟಿನ ಪಥ್ಯವಾಯಿತು. ಆ ನಡುವೆ ಅವರ ಮೊಮ್ಮಗಳ ಮದುವೆ ಬಂತು. ಪಂಕ್ತಿಯಲ್ಲಿ ಎಲ್ಲರ ಎಲೆಗೂ ಹೋಳಿಗೆ ಬೀಳುತ್ತಿದ್ದರೆ ಮನೆಯ ಹಿರಿಯರ ಎಲೆಯಲ್ಲಿ ಮುದ್ದೆ, ಸೊಪ್ಪಿನ ಸಾರು. ಎರಡು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿದರೆ ನೀಲಿ ನೀಲಿಯಾಗೇ ಇತ್ತು. "ನೋಡಿದ್ರಾ, ಪಥ್ಯದ ಮಹಿಮೆ" ಎಂದು ಬೀಗಿದೆ. ಪಕ್ಕದಲ್ಲಿದ್ದ ಅವರ ಹೆಂಡತಿ ಮೆಲ್ಲಗೆ, "ಹೋದ್ಸಲ ಅವಸರಕ್ಕೆ ಜೇನುತುಪ್ಪದ ಸೀಸೇಲಿ ಕಳ್ಸಿದ್ವಿ. ಈ ಸಲ ಬೇರೆ ಸೀಸೆ. ಅದ್ರಿಂದ ಏನಾದ್ರೂ ವ್ಯತ್ಯಾಸ ಆಗತ್ತಾ?" ಎಂದರು. ಯಜಮಾನರು ನನ್ನನ್ನು ಬಯ್ಯಲಿಲ್ಲ. ಡಾಕ್ಟರ ಕಡೆ ತಿರುಗಿ, "ಈ ಹುಡುಗನ್ನ ನಮ್ಮ ಮನೆಗೆ ಎರಡು ತಿಂಗಳು ಕಳ್ಸಿಕೊಡಿ. ಮುದ್ದೆ ಸೊಪ್ಪಿನ ಸಾರು ನಾನು ಹಾಕ್ತೀನಿ" ಎಂದರು.

ಆಮೇಲೆ ಚಿಂತಾಮಣಿಯಲ್ಲಿ, ಮಲೇರಿಯಾ ಇದೆಯೇ ಎಂದು ನೋಡಲು ಜ್ವರದವರ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತದ ಲೇಪ ತೆಗೆಯುವ ಕೆಲಸ. ಒಂದು ಹಳ್ಳಿಯಲ್ಲಿ ಮೂವತ್ತು ಗಾಜು ತೆಗೆದು, ಒಣಗಲಿ ಎಂದು ಶಾಲೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟು ಕಾಫಿ ಕುಡಿಯಲು ಹೋದೆ. ಬರುವಷ್ಟರಲ್ಲಿ ನೊಣ, ಇರುವೆ ಸೇರಿ ಎಲ್ಲವನ್ನೂ ನೆಕ್ಕಿದ್ದವು. ನಾನು ತೊಳೆದಿದ್ದರೂ ಅಷ್ಟು ಶುಭ್ರವಾಗುತ್ತಿರಲಿಲ್ಲ. ಮತ್ತೆ ಚುಚ್ಚಬೇಕು ಎಂದು ಮನೆಮನೆಗೆ ಹೋದರೆ ಇಡೀ ಊರು ಹೊಲದಲ್ಲಿತ್ತು, ಹಾಸಿಗೆ ಹಿಡಿದಿದ್ದ ಜ್ವರದವರು ಕೂಡ.

ಇವೆಲ್ಲ ನಕ್ಕು ಮರೆಯುವ ತಪ್ಪುಗಳು. ಮುಂದಿನದು ಹಾಗಲ್ಲ. ಬರೆಯೋಣವೋ ಬೇಡವೋ ಎಂದು ಬಹಳ ಹೊತ್ತು ಕೂತೆ.

ಅರವತ್ತರ ದಶಕ ಬರುವ ಹೊತ್ತಿಗೆ ನಾನು ಶಿಡ್ಲಘಟ್ಟದ ಕಡೆ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ಕ್ಷಯದವರ ಕಫಕ್ಕೆ ಬಣ್ಣ ಹಾಕಿ ನೋಡುವುದರಲ್ಲಿ ಕೈ ಕುದುರಿತ್ತು. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು ಕಂಡರೆ ರೋಗ ಉಂಟು, ಕಾಣದಿದ್ದರೆ ಇಲ್ಲ. ಅದರ ಜೊತೆಗೆ ಇನ್ನೊಂದು ವಿಷಯಕ್ಕೂ ಹೆಸರು ಬಂದಿತ್ತು. ರವಣಪ್ಪ ಹಳ್ಳಿಯವರಿಗೆ ಅರ್ಥವಾಗುವ ಹಾಗೆ ಹೇಳುತ್ತಾನೆ ಎಂದು ಡಾಕ್ಟರು ಯಾರ ಮುಂದೆಯೋ ಒಂದು ಸಲ ಹೊಗಳಿದ್ದರು. ಅಂದಿನಿಂದ ನಾನು ಯಾವುದನ್ನೂ ನೇರವಾಗಿ ಹೇಳುವುದನ್ನು ಬಿಟ್ಟೆ. ಎಲ್ಲದಕ್ಕೂ ಒಂದು ಹೋಲಿಕೆ.

ಒಂದು ಬೆಳಿಗ್ಗೆ ಮೇಲೂರಿನ ಆಚೆಯ ಹಳ್ಳಿಯಿಂದ ಲಕ್ಷ್ಮೀದೇವಮ್ಮ ಎಂಬ ಹೆಂಗಸು ಬಂದಳು. ಇಪ್ಪತ್ತನಾಲ್ಕು ಇಪ್ಪತ್ತೈದು ವಯಸ್ಸು. ಎರಡು ತಿಂಗಳ ಕೆಮ್ಮು, ಸಂಜೆ ಜ್ವರ. ಜೊತೆಗೆ ಗಂಡ ಮುನಿಯಪ್ಪ, ಅತ್ತೆ ಪಿಳ್ಳಮ್ಮ. ಸೊಂಟದಲ್ಲಿ ಎಂಟು ತಿಂಗಳ ಗಂಡು ಮಗು, ಸೆರಗು ಹಿಡಿದುಕೊಂಡು ನಾಲ್ಕು ವರ್ಷದ ಹೆಣ್ಣು ಮಗು. ಆ ಕಡೆಯ ಎಲ್ಲರ ಹಾಗೆ ಅವರದೂ ರೇಷ್ಮೆ ಹುಳು ಸಾಕುವ ಮನೆ. ಡಾಕ್ಟರು ಕಫ ಪರೀಕ್ಷೆಗೆ ಬರೆದು ನನ್ನ ಬಳಿ ಕಳಿಸಿದರು.

"ಇದ್ರಾಗೆ ಏನ್ ನೋಡ್ತೀರಾ ಸ್ವಾಮಿ?" ಎಂದು ಪಿಳ್ಳಮ್ಮ ಮೈಕ್ರೊಸ್ಕೋಪು ತೋರಿಸಿ ಕೇಳಿದಳು.

ಇಂಥ ಪ್ರಶ್ನೆಗೇ ನಾನು ಕಾದಿರುತ್ತಿದ್ದೆ. "ನಿಮಗೆ ಗೊತ್ತಿರೋದೇ ಅಮ್ಮ. ಬಿತ್ತನೆ ಮೊಟ್ಟೆ ತಯಾರು ಮಾಡೋ ಕಡೆ ತಾಯಿ ಚಿಟ್ಟೆ ಮೊಟ್ಟೆ ಇಟ್ಟ ಮೇಲೆ ಅದನ್ನ ಅರೆದು ಇಂಥ ಯಂತ್ರದಲ್ಲೇ ನೋಡ್ತಾರಲ್ಲ, ಗಂಟುರೋಗ ಐತಾ ಇಲ್ವಾ ಅಂತ? ಇದೂ ಅದೇ. ಇವರಿಗೆ ರೋಗ ಐತಾ ಇಲ್ವಾ ಅಂತ ಗೊತ್ತಾಗತ್ತೆ" ಎಂದೆ.

ಮೂವರೂ ಒಮ್ಮೆಗೇ ತಲೆಯಾಡಿಸಿದರು. ಅಷ್ಟು ಬೇಗ ಯಾರೂ ನನ್ನ ಮಾತನ್ನು ಅರ್ಥ ಮಾಡಿಕೊಂಡಿರಲಿಲ್ಲ. ಲಕ್ಷ್ಮೀದೇವಮ್ಮ ಮಾತ್ರ ಮಗುವನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು. ಅದನ್ನು ನಾನು ಕಂಡೆ, ಭಾರವೇನೋ ಎಂದುಕೊಂಡೆ. ಆ ದಿನವೆಲ್ಲ ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಮೂರನೇ ದಿನ ಫಲಿತಾಂಶಕ್ಕೆ ಮುನಿಯಪ್ಪ ಒಬ್ಬನೇ ಬಂದ. ಒಳಗೆ ಬರದೆ ಬಾಗಿಲಲ್ಲೇ ನಿಂತು, "ಐತಾ ಸ್ವಾಮಿ?" ಎಂದ.

"ಐತೆ. ಬೇಕಾದಷ್ಟೈತೆ" ಎಂದೆ, ಮರದಲ್ಲಿ ಹಣ್ಣು ಬಿಟ್ಟಿದೆ ಎನ್ನುವ ಧಾಟಿಯಲ್ಲಿ. ಚೀಟಿ ಬರೆದು ತಲೆಯೆತ್ತುವಷ್ಟರಲ್ಲಿ ಅವನಿರಲಿಲ್ಲ. ಡಾಕ್ಟರ ಕೋಣೆಗೆ ಹೋಗಿರುತ್ತಾನೆ ಎಂದುಕೊಂಡು ಮುಂದಿನ ಗಾಜನ್ನು ಎತ್ತಿಕೊಂಡೆ. ಎಂಟು ದಿನ ಕಳೆದ ಮೇಲೆ ಡಾಕ್ಟರು, "ಆ ಮೇಲೂರು ಕಡೆ ಹೆಂಗಸು ಔಷಧಿಗೆ ಬರಲೇ ಇಲ್ಲವಲ್ಲ, ಏನಾಯ್ತು?" ಎಂದು ಕೇಳಿದಾಗಲೇ ನನಗೆ ನೆನಪಾದದ್ದು.

ಸೈಕಲ್ ಹತ್ತಿ ಅವರ ಹಳ್ಳಿಗೆ ಹೋದೆ. ಪಿಳ್ಳಮ್ಮ ಪಡಸಾಲೆಯಲ್ಲಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು. ನನ್ನನ್ನು ನೋಡಿದರೂ ಕತ್ತಿ ನಿಲ್ಲಿಸಲಿಲ್ಲ.

"ಇಲ್ಲ ಸ್ವಾಮಿ. ಮಕ್ಕಳ್ನ ಕರ್ಕೊಂಡು ತವರಿಗೆ ಹೋದ್ಲು."

"ಅಲ್ಲಮ್ಮ, ರೋಗ ಐತೆ ಅಂತ ಹೇಳಿದ ಮೇಲೆ ಔಷಧಿ ತಗೊಳ್ದೆ ಹೋಗೋದಾ?"

ಆಗ ಕತ್ತಿ ನಿಂತಿತು. "ಯಾವ ಔಷಧಿ? ಗಂಟುರೋಗಕ್ಕೆ ಔಷಧಿ ಎಲ್ಲೈತೆ ಸ್ವಾಮಿ? ನಾವು ಹುಟ್ಟಿದಾಗಿಂದ ಹುಳ ಮೇಯಿಸ್ತಿರೋರು. ತಾಯಿ ಚಿಟ್ಟೇಲಿ ಗಂಟು ಕಂಡ್ರೆ ಅದು ಇಟ್ಟ ಮೊಟ್ಟೇನೆಲ್ಲ ಸುಡ್ತಾರೆ. ತಾಯೀಲಿ ಇದ್ದದ್ದು ಮೊಟ್ಟೇಲಿ ಇದ್ದೇ ಇರ್ತೈತೆ. ಮನುಷ್ಯರನ್ನ ಸುಡ್ತೀರಾ ಅಂತ ಅನ್ಕೊಳ್ಳೋ ಅಷ್ಟು ಹುಚ್ಚರಲ್ಲ ನಾವು. ಆದ್ರೆ ಮಕ್ಕಳ್ನ ಎಳ್ಕೊಂಡು ಹೋಗಿ ಎಲ್ಲೋ ಕೂಡಾಕ್ತಾರೆ ಅಂತ ಅವಳಿಗೆ ದಿಗಿಲು. ಸಾಯೋದಾದ್ರೆ ಮೂರೂ ಜನ ಒಟ್ಟಿಗೆ ಸಾಯ್ತೀವಿ ಅಂತ ಹೊಂಟೋದ್ಲು. ನೀವೇ ಅಲ್ವಾ ಹೇಳಿದ್ದು, ಇದೂ ಅದೇ ಅಂತ?"

ಮೊಟ್ಟೆ ಸುಡುವುದು ನನಗೂ ಗೊತ್ತಿದ್ದ ವಿಷಯವೇ. ಹೋಲಿಕೆ ಕೊಡುವಾಗ ನನಗೆ ಬೇಕಾದಷ್ಟನ್ನು ತೆಗೆದುಕೊಂಡೆ, ಅವರಿಗೆ ಅದು ಪೂರ್ತಿಯಾಗಿ ತಲುಪಿತು. ಅದೂ ಹುಳು ಸಾಕುವ ಮನೆಯ ತಾಯಿಗೆ, ಎರಡು ಮಕ್ಕಳನ್ನು ಪಕ್ಕದಲ್ಲಿಟ್ಟುಕೊಂಡಿದ್ದವಳಿಗೆ ಹೇಳಿದ್ದೆ.

ಡಾಕ್ಟರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಕನ್ನಡಕ ತೆಗೆದು ಒರೆಸಿ, "ಕೆಮ್ಮುವ ತಾಯಿ, ಎಂಟು ತಿಂಗಳ ಮಗು, ಒಂದೇ ಹಾಸಿಗೆ. ನೀವು ಇಲ್ಲಿ ನಿಂತು ಪಶ್ಚಾತ್ತಾಪ ಪಡುವಷ್ಟು ಹೊತ್ತೂ ಆ ಮಗು ಅದೇ ಗಾಳಿ ಕುಡಿಯುತ್ತಿರುತ್ತದೆ. ಹೋಗಿ, ಕರೆದುಕೊಂಡು ಬನ್ನಿ" ಎಂದರು.

ಅವಳ ತವರು ಅಂಬಾಜಿದುರ್ಗದ ತಪ್ಪಲಿನ ಒಂದು ಹಳ್ಳಿ. ಮಾರನೇ ಬೆಳಿಗ್ಗೆ ಮುನಿಯಪ್ಪನನ್ನು ಕರೆದುಕೊಂಡು ಚಿಂತಾಮಣಿಯವರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ನಡೆದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಭಾಷಣ ಸಿದ್ಧ ಮಾಡಿದೆ. ಮುನಿಯಪ್ಪ ಒಂದೇ ಒಂದು ಮಾತಾಡಿದ, "ನಾನು ಅವಳ್ನ ಓಡಿಸ್ಲಿಲ್ಲ ಸ್ವಾಮಿ, ನೀವಾದ್ರೂ ನಂಬಿ."

ಅವಳ ತಾಯಿ ಹೊಸ್ತಿಲಿಗೆ ಅಡ್ಡ ನಿಂತು, "ಎವರಯ್ಯ ಮೀರು?" ಯಾರು ನೀವು ಎಂದು ನನ್ನನ್ನು ತೆಲುಗಿನಲ್ಲಿ ಗದರಿಸಿದಳು. ಅಷ್ಟರಲ್ಲಿ ಹಿಂದಿನಿಂದ ಲಕ್ಷ್ಮೀದೇವಮ್ಮನೇ ಬಂದಳು. ಹನ್ನೆರಡು ದಿನದಲ್ಲಿ ಕೆನ್ನೆ ಇಳಿದುಹೋಗಿತ್ತು. ಮಗುವನ್ನು ಎದೆಗೆ ಅವಚಿಕೊಂಡಿದ್ದಳು. ಕೆಮ್ಮು ಬಂದಾಗ ಅದರ ತಲೆಯ ಮೇಲೇ ಕೆಮ್ಮಿದಳು.

"ನನ್ನ ಬೇಕಾದ್ರೆ ಕರ್ಕೊಂಡೋಗಿ. ಮಕ್ಕಳ್ನ ಮುಟ್ಟಬೇಡಿ" ಎಂದಳು.

ಸಿದ್ಧ ಮಾಡಿಕೊಂಡಿದ್ದ ಭಾಷಣ ಬಾಯಿಗೆ ಬರಲಿಲ್ಲ. "ತಪ್ಪಾಯ್ತಮ್ಮ. ನಾನು ಚಿಟ್ಟೆ ಮಾತು ಆಡಬಾರದಿತ್ತು. ಚಿಟ್ಟೆ ರೋಗ ಬೇರೆ, ಇದು ಬೇರೆ. ಇದಕ್ಕೆ ಔಷಧಿ ಐತೆ. ಇದು ಹೊಟ್ಟೇಲೇ ಮಕ್ಕಳಿಗೆ ಬರೋದಲ್ಲ, ಕೆಮ್ಮಿನ ಗಾಳೀಲಿ ಬರೋದು" ಎಂದೆ.

"ಆವತ್ತು ಹೇಳಿದ್ದೂ ನೀವೇ, ಇವತ್ತು ಹೇಳೋದೂ ನೀವೇ. ಯಾವ್ದನ್ನ ನಂಬ್ಲಿ?"

ಅದಕ್ಕೆ ಉತ್ತರ ಕೊಟ್ಟವನು ಮುನಿಯಪ್ಪ. "ಲಕ್ಷ್ಮೀ, ಆಸ್ಪತ್ರೆ ಬಾಗ್ಲಲ್ಲಿ ನಾನು ನಿಂತ್ಕೊತೀನಿ. ನಿನ್ನ ಕಣ್ಣು ಮುಂದೇನೇ ಮಕ್ಕಳ್ನ ನೋಡ್ಲಿ. ಯಾರು ಎಳ್ಕೊಂಡು ಹೋಗ್ತಾರೋ ನೋಡಣ ಬಾ" ಎಂದ. ಮೊದಲು ಮಕ್ಕಳ ಪರೀಕ್ಷೆ, ಅವರಲ್ಲಿ ರೋಗ ಇಲ್ಲ ಎಂದರೆ ಮಾತ್ರ ತನ್ನ ಔಷಧಿ, ಇಲ್ಲದಿದ್ದರೆ ತನಗೂ ಬೇಡ ಎಂದು ಕರಾರು ಹಾಕಿ ಹೊರಟಳು.

ಡಾಕ್ಟರು ಮಕ್ಕಳ ಎದೆ ನೋಡಿದರು, ತೋಳಿಗೆ ಪರೀಕ್ಷೆಯ ಚುಚ್ಚುಮದ್ದು ಕೊಟ್ಟು ಮೂರು ದಿನ ಕಾದರು. ಆ ಮೂರು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಎರಡು ಮಕ್ಕಳಿಗೂ ರೋಗ ಬಂದಿಲ್ಲ, ಚಿಕ್ಕವನಿಗೆ ಮಾತ್ರ ಮುಂಜಾಗ್ರತೆಗೆ ಮಾತ್ರೆ ಕೊಡೋಣ ಎಂದು ಅವರು ಹೇಳಿದಾಗ ಹೊರಗೆ ಹೋಗಿ ತೊಟ್ಟಿಯ ಹತ್ತಿರ ನಿಂತು ಅತ್ತೆ. ಯಾರಾದರೂ ಕೇಳಿದರೆ ಆಸಿಡ್ ಹೊಗೆ ಎನ್ನೋಣ ಎಂದುಕೊಂಡಿದ್ದೆ. ಯಾರೂ ಕೇಳಲಿಲ್ಲ.

ಲಕ್ಷ್ಮೀದೇವಮ್ಮನ ಚಿಕಿತ್ಸೆ ಶುರುವಾಯಿತು. ದಿನವೂ ಇಂಜೆಕ್ಷನ್, ಜೊತೆಗೆ ಮಾತ್ರೆ. ಮುನಿಯಪ್ಪ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬರುತ್ತಿದ್ದ. ಮೊದಲ ದಿನ ನಾನು ಯಾವ ಹೋಲಿಕೆಯನ್ನೂ ಕೊಡದೆ ಹೇಳಿದೆ: ಕೆಮ್ಮುವಾಗ ಸೆರಗು ಅಡ್ಡ ಹಿಡಿ, ಬೇರೆ ಮಲಗು, ಮಗುವಿಗೆ ಹಾಲು ಕುಡಿಸಬೇಡ, ಎತ್ತಿಕೊಳ್ಳಬೇಡ. "ನಾನು ಹೇಳೋವರೆಗೂ ಅಷ್ಟೇ ಕಣಮ್ಮ" ಎಂದೆ. ಅವಳು ಮಗುವನ್ನು ಅಲ್ಲೇ ಪಿಳ್ಳಮ್ಮನ ಕೈಗೆ ಕೊಟ್ಟಳು. ಅದು ಆಸ್ಪತ್ರೆ ಹಾರಿಹೋಗುವ ಹಾಗೆ ಅತ್ತಿತು. ಅವಳು ಗೋಡೆಯ ಕಡೆ ತಿರುಗಿ ನಿಂತಳು.

ಮೂರನೇ ತಿಂಗಳಿಗೆ ಅವಳ ಕಫದಲ್ಲಿ ಒಂದು ಕೆಂಪು ಕಡ್ಡಿಯೂ ಕಾಣಲಿಲ್ಲ. ಎರಡು ಗಾಜು, ಮೂರು ಗಾಜು ನೋಡಿದೆ. ಬರೀ ನೀಲಿ. ನಾಲ್ಕನೇ ತಿಂಗಳೂ ಹಾಗೇ. ರಿಜಿಸ್ಟರಿನಲ್ಲಿ ನೆಗೆಟಿವ್ ಎಂದು ಬರೆದು, ಚೀಟಿಯನ್ನು ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ನೋಡಿ ಮಾತ್ರೆ ಮುಂದುವರಿಸಲು ಬರೆದರು. ಆಗ ಒಂದೂವರೆ ವರ್ಷ ಮಾತ್ರೆ ನುಂಗಬೇಕಿತ್ತು. ಸಂತೋಷ ತಡೆಯಲಾರದೆ ರಂಗಪ್ಪನವರಿಗೂ ಒಂದು ಕಾಗದ ಬರೆದೆ. ಇಂಜೆಕ್ಷನ್ ಮುಗಿದ ಮೇಲೆ ತಿಂಗಳು ತಿಂಗಳೂ ಅವಳು ಬರುವಳು, ಕಫದ ಡಬ್ಬಿ ಕೊಡುವಳು, ಹೋಗುವಳು. ಕೆನ್ನೆ ತುಂಬಿತು, ನಡಿಗೆಯಲ್ಲಿ ಬಿರುಸು ಬಂತು. ಹೊಸದಾಗಿ ಕೆಲಸ ಕಲಿಯಲು ಬಂದವರಿಗೆ, "ನೋಡಿ, ಅದು ನನ್ನ ಕೇಸು" ಎಂದು ತೋರಿಸುತ್ತಿದ್ದೆ. ಅವಳ ಜೊತೆ ಮಾತ್ರ ಜಾಸ್ತಿ ಮಾತಾಡುತ್ತಿರಲಿಲ್ಲ, ಮತ್ತೆ ಬಾಯಿ ತಪ್ಪೀತು ಎಂಬ ಭಯ.

ಕೊನೆಯ ಪರೀಕ್ಷೆಯೂ ಮುಗಿದ ದಿನ ಇಡೀ ಸಂಸಾರ ಬಂದಿತ್ತು. ನಾನೇ ಜಗಲಿಗೆ ಬಂದು, "ಮುಗೀತು ಕಣಮ್ಮ. ಇನ್ನು ಮಾತ್ರೆ ಬೇಡ, ಡಬ್ಬಿ ಬೇಡ, ನನ್ನ ಮುಖಾನೂ ನೋಡೋದು ಬೇಡ" ಎಂದೆ. ಪಿಳ್ಳಮ್ಮ ನನಗೆ ಕೈ ಮುಗಿದಳು. ಲಕ್ಷ್ಮೀದೇವಮ್ಮ ಹೊರಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು.

"ಹಂಗಾದ್ರೆ ಸ್ವಾಮಿ, ಇನ್ಮೇಲೆ ಚಿಕ್ಕೋನ್ನ ಎತ್ಕೋಬೋದಾ?"

ತಮಾಷೆ ಮಾಡುತ್ತಿದ್ದಾಳೆ ಎಂದು ನಕ್ಕುಬಿಟ್ಟೆ. ಬೇರೆ ಯಾರೂ ನಗಲಿಲ್ಲ.

"ಒಂದು ದಿನಾನೂ ಎತ್ತಿಲ್ಲ ಸ್ವಾಮಿ" ಎಂದಳು ಪಿಳ್ಳಮ್ಮ. "ಈಚೆ ಜಗಲಿ ಮೇ‌ಲೇ ಮಲ್ಕೋತಾಳೆ. ತಟ್ಟೆ ಲೋಟ ಎಲ್ಲಾ ಬೇರೆ. ಮಗಾ ಬಿದ್ದು ಅತ್ರೂ ದೂರದಿಂದ ನನ್ನ ಕೂಗ್ತಾಳೆ. ಸಾಕು ಬಾರೇ ಅಂದ್ರೆ, ಅವರು ಹೇಳಿಲ್ಲ ಅಂತಾಳೆ. ನೀವು ಹೇಳೋವರೆಗೂ ಅಂದಿದ್ರಲ್ಲ."

ಅಜ್ಜಿಯ ಸೊಂಟದ ಮೇಲಿದ್ದ ಹುಡುಗನಿಗೆ ಆಗ ಎರಡು ವರ್ಷ ದಾಟಿತ್ತು. ಅವನು ಪಿಳ್ಳಮ್ಮನನ್ನು ಅಮ್ಮ ಎನ್ನುತ್ತಿದ್ದ. ಹೆತ್ತವಳನ್ನು ಮನೆಯವರು ಕರೆಯುವ ಹಾಗೆ ಲಕ್ಷ್ಮೀ ಎನ್ನುತ್ತಿದ್ದ.

ಹೇಳದೆ ಮುಚ್ಚಿಡಬಹುದಿತ್ತು. ಇವತ್ತಿನಿಂದ ಮಾತ್ರ ಎತ್ತಿಕೊಳ್ಳಬಹುದು ಎಂದು ಸುಳ್ಳು ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಕ್ಷಣ ಆ ಯೋಚನೆಯೂ ಬಂತು, ಅದನ್ನೂ ಬರೆದುಬಿಡುತ್ತೇನೆ. ಆದರೆ ಅವಳ ಮುಖ ನೋಡಿ ಆಗಲಿಲ್ಲ. "ಮೂರು ನಾಲ್ಕು ತಿಂಗಳಿಗೇ ಎತ್ಕೋಬಹುದಾಗಿತ್ತಮ್ಮ. ನೆಗೆಟಿವ್ ಅಂತ ಪುಸ್ತಕದಲ್ಲಿ ಬರೆದೆ, ಡಾಕ್ಟರಿಗೆ ಹೇಳಿದೆ. ನಿನಗೆ ಹೇಳೋದು ಮರೆತೆ" ಎಂದೆ.

"ವರ್ಷದ ಹಿಂದೇನಾ?" ಎಂದಳು.

"ಅದಕ್ಕೂ ಹಿಂದೆ."

ಅವಳು ಬಯ್ದಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು. "ನಾನೇ ಕೇಳಬೇಕಾಗಿತ್ತು" ಎಂದಳು. ಆಮೇಲೆ ಎರಡೂ ಕೈ ಚಾಚಿ, "ಬಾರಪ್ಪ" ಎಂದಳು. ಹುಡುಗ ಅಜ್ಜಿಯ ಹೆಗಲಲ್ಲಿ ಮುಖ ಹುದುಗಿಸಿದ. ಪಿಳ್ಳಮ್ಮ ಬಲವಂತವಾಗಿ ಕೊಡಲು ಹೋದಾಗ ಕಿರುಚಿದ. "ಬಿಡಿ ಅತ್ತೆ, ಇರ್ಲಿ" ಎಂದು ಅವಳು ಕೈ ಇಳಿಸಿದಳು. ಮುನಿಯಪ್ಪ ಸೈಕಲ್ ತರುತ್ತೇನೆಂದು ಬೇಗ ಬೇಗ ಅಲ್ಲಿಂದ ಹೋದ. ನಾನು ಒಳಗೆ ಹೋಗಿ ತೊಳೆದಿಟ್ಟಿದ್ದ ಗಾಜುಗಳನ್ನೇ ಮತ್ತೆ ತೊಳೆದೆ.

ಮಗಳೇ, ನೀನು ಕಲಿಯುವ ಯಂತ್ರಗಳು ನನಗೆ ಗೊತ್ತಿಲ್ಲ. ಈಗ ಫಲಿತಾಂಶ ತಾನೇ ಮುದ್ರಣವಾಗಿ ಬರುತ್ತದಂತೆ. ಬರಲಿ. ಆ ದಿನದಿಂದ ನಾನು ಚೀಟಿಯನ್ನು ಡಾಕ್ಟರ ಮೇಜಿನ ಮೇಲಿಟ್ಟು ಅಲ್ಲಿಗೆ ಬಿಡುತ್ತಿರಲಿಲ್ಲ. ಡಾಕ್ಟರನ್ನು ಕೇಳಿಕೊಂಡು, ಜಗಲಿಗೆ ಹೋಗಿ, ರೋಗಿಯನ್ನು ಹೆಸರು ಹಿಡಿದು ಕರೆದು, ಹಿಂದೆ ಯಾವುದನ್ನು ಬೇಡ ಎಂದಿದ್ದೆವೋ ಅದರಲ್ಲಿ ಇವತ್ತಿನಿಂದ ಏನು ಮಾಡಬಹುದು ಎಂದು ಹೇಳಿ ಬರುತ್ತಿದ್ದೆ. ಸಹೋದ್ಯೋಗಿಗಳು ನನಗೆ ಡಂಗೂರದ ರವಣಪ್ಪ ಎಂದು ಹೆಸರಿಟ್ಟಿದ್ದರು.

ಜಗಲಿಯ ಆ ದಿನ ಕಳೆದು ನಾಲ್ಕು ತಿಂಗಳಾದ ಮೇಲೆ ಒಂದು ಸಂತೆಯ ದಿನ ಬೀದಿಯಲ್ಲಿ ಯಾರೋ "ಸ್ವಾಮಿ" ಎಂದು ಕೂಗಿದರು. ತಿರುಗಿದರೆ ಲಕ್ಷ್ಮೀದೇವಮ್ಮ. ತಲೆಯ ಮೇಲೆ ಗಂಟು, ಒಂದು ಕೈಯಲ್ಲಿ ಚೀಲ, ಸೊಂಟದ ಮೇಲೆ ಆ ಹುಡುಗ. ಅವಳ ಜಡೆಯನ್ನು ಎರಡೂ ಕೈಯಲ್ಲಿ ಹಗ್ಗದ ಹಾಗೆ ಹಿಡಿದುಕೊಂಡಿದ್ದ. ಹೇಗಿದ್ದೀಯಮ್ಮ ಎಂದು ಕೇಳಿದೆ. ಅವಳು ಮುಖ ಸಿಂಡರಿಸಿದಳು.

"ಏನ್ ಹೇಳ್ಲಿ ಸ್ವಾಮಿ, ಸೊಂಟ ಬಿದ್ದೋಗೈತೆ. ಇಳಿಯಪ್ಪ ಅಂದ್ರೆ ಇಳಿಯಾಕಿಲ್ಲ ಈ ನನ್ಮಗ" ಎಂದು ದೂರು ಹೇಳಿ, ಜಾರುತ್ತಿದ್ದವನನ್ನು ಮೇಲಕ್ಕೆ ಎತ್ತಿ ಸರಿಮಾಡಿಕೊಂಡು ಸಂತೆಯೊಳಕ್ಕೆ ಹೋದಳು.